ತಾತನ ಕರಿಬೇವಿನ ಗಿಡ

ಇವತ್ತು ಕೆ.ಆರ್. ಪುರದ ಸಂತೆಯಲ್ಲಿ ಸೊಪ್ಪು ಮಾರುವಾಕೆ ನನ್ನ ಚೀಲಕ್ಕೆ ಒಂದು ಹಿಡಿ ಕರಿಬೇವು ತುರುಕಿದಳು. ಆ ಹಸಿ ವಾಸನೆಗೇ ಮೂಗು ಮುಚ್ಚಿಕೊಂಡೆ.

ಹಲಸೂರಿನ ತಾತನ ಮನೆಯ ಹಿತ್ತಲಲ್ಲಿ ಸೊಂಟದೆತ್ತರದ ಕರಿಬೇವಿನ ಗಿಡವಿತ್ತು. ಬೆಳಿಗ್ಗೆ ಹಲ್ಲುಜ್ಜುವ ತಾತ ಬೀದಿಗೆಲ್ಲ ಕೇಳುವಂತೆ ಕ್ಯಾಕರಿಸಿ ಅದರ ಮೇಲೇ ಉಗಿಯುತ್ತಿದ್ದರು. ಹಲ್ಲುಪುಡಿಯ ಗುಲಾಬಿ ನೊರೆ, ಕಫದ ಎಳೆ ಎಲೆಗಳಿಂದ ಜೋತಾಡುತ್ತಿದ್ದವು. ಸ್ವಲ್ಪ ಹೊತ್ತಿಗೇ ಅಜ್ಜಿ ಅವೇ ಎಲೆಗಳನ್ನು ಕಿತ್ತು ಒಗ್ಗರಣೆಗೆ ಹಾಕುತ್ತಿದ್ದರು.

"ತೊಳಿ ಅಜ್ಜಿ!"

"ತೊಳೆದ್ರೆ ಘಮ ಹೋಗ್ಬಿಡುತ್ತೆ ಕಣೋ. ಸುಮ್ನೆ ತಿನ್ನು, ಕೂದ್ಲು ಬೆಳೆಯುತ್ತೆ."

ಮೊಮ್ಮಕ್ಕಳು ನಾವು ತಟ್ಟೆಯಲ್ಲಿ ಎಲೆ ಬಿಟ್ಟರೆ ತಾತ ಗದರುತ್ತಿದ್ದರು. ಅವರ ತಟ್ಟೆಯಂಚಿನಲ್ಲಿ ಮಾತ್ರ ದಿನವೂ ಎಲ್ಲ ಎಲೆಗಳೂ ಹೆಕ್ಕಿಟ್ಟಿರುತ್ತಿದ್ದವು.

ಸೊಪ್ಪಿನಾಕೆಗೆ ಕರಿಬೇವನ್ನು ವಾಪಸ್ ಕೊಟ್ಟೆ.

"ಯಾಕಣ್ಣ? ನಮ್ಮನೆ ಹಿತ್ತಲದ್ದೇ!" ಎಂದಳು.