ಅತ್ತೆಯ ಕಾಲು, ಎದೆಯ ಪಟ್ಟಿ

ಆ ಮಧ್ಯಾಹ್ನ ಅಪ್ಪನ ಹಣೆಯ ಮೇಲೆ ಬೆವರಿತ್ತೋ ಇಲ್ಲವೋ, ನನಗೆ ಖಾತ್ರಿಯಿಲ್ಲ. ಇತ್ತು ಎಂದೇ ಇಷ್ಟು ವರ್ಷ ನಂಬಿದ್ದೆ. ಈಗ ಯೋಚಿಸಿದರೆ ನಾನು ಅಲ್ಲಿ ಇದ್ದೆನೇ ಎನ್ನುವುದೇ ಅನುಮಾನ.

ಇದೆಲ್ಲ ಮತ್ತೆ ತಲೆಗೆ ಹತ್ತಿದ್ದು ಹೋದ ವಾರ, ಒಂದು ಮುಲಾಮಿನ ವಾಸನೆಯಿಂದ. ಅಟ್ಟದ ಮೇಲಿನ ಸೂಟ್‌ಕೇಸ್ ಇಳಿಸಲು ಹೋಗಿ ಬೆನ್ನಿನ ಎಡಭಾಗದಲ್ಲಿ ಚಮಕ ಹಿಡಿಯಿತು. ಉಸಿರೆಳೆದರೆ ಯಾರೋ ದಬ್ಬಣ ಚುಚ್ಚಿದಂತೆ. ಹೆಂಡತಿ ಮುಲಾಮು ತಿಕ್ಕಿ ತಿಕ್ಕಿ ಸೋತು, "ಇದು ಹಿಂಗ ಹೋಗಾಂಗಿಲ್ಲ. ಅಂಕಲಿಗೆ ಹೋಗಿ ನಿಮ್ಮ ಸೋದರತ್ತಿ ಕಡೆ ಕಾಲ ಇಡಿಸ್ಕೊಂಡ ಬರ್ರಿ" ಎಂದಳು.

ನಮ್ಮ ಕಡೆ ತಾಯಿಯ ಹೊಟ್ಟೆಯಿಂದ ಕಾಲು ಮುಂದಾಗಿ ಹುಟ್ಟಿದವರಿಗೆ ಪಾಯಾಳು ಅನ್ನುತ್ತಾರೆ. ಅಂಥವರು ಬೆನ್ನಿಗೆ ಪಾದ ತಾಗಿಸಿದರೆ ಚಮಕ ಬಿಡುತ್ತದೆ ಎಂದು ನಂಬಿಕೆ. ಮಿರಜಿನಿಂದ ರಾಯಬಾಗದವರೆಗೆ ಕನ್ನಡದವರೂ ಮರಾಠಿಯವರೂ ಜಗಳವಿಲ್ಲದೆ ಒಪ್ಪಿಕೊಂಡ ಕೆಲವೇ ಸಂಗತಿಗಳಲ್ಲಿ ಇದೂ ಒಂದು. ಅಪ್ಪನ ಅಕ್ಕ, ಅಂದರೆ ನನ್ನ ಅತ್ತೆ, ಹೀಗೆ ಹುಟ್ಟಿದವಳು. ನಾನು ಧಾರವಾಡದಲ್ಲಿ ಎಂ.ಎಸ್ಸಿ. ಓದಿ, ಚಿಕ್ಕೋಡಿಯ ಹುಡುಗರಿಗೆ ಸಾಕ್ಷ್ಯವಿಲ್ಲದ್ದನ್ನು ನಂಬಬೇಡಿ ಎಂದು ಪಾಠ ಹೇಳುವವನು. ಆದರೂ ಅಂಕಲಿಯ ಬಸ್ಸು ಹತ್ತಿದೆ. ಬೆನ್ನು ಹಿಡಿದಾಗ ಮನುಷ್ಯನ ತತ್ವ ಎಷ್ಟು ಬೇಗ ಸಡಿಲಾಗುತ್ತದೆ ಎನ್ನುವುದು ನಿಮಗೂ ಗೊತ್ತಿರಬಹುದು.

ಅಪ್ಪನೂ ಹಾಗೇ ಹೋಗಿದ್ದ. ಕಾಗವಾಡದ ಹತ್ತಿರ ನಮ್ಮದು ದ್ರಾಕ್ಷಿ ತೋಟ. ಅವು ಚಾಟ್ನಿಯ, ಅಂದರೆ ಕೈ ಮೇಲೆತ್ತಿ ಬಳ್ಳಿ ಕತ್ತರಿಸುವ ಕೆಲಸದ ದಿನಗಳು. ಆ ದಿನಗಳಲ್ಲಿ ಬೆನ್ನು ಹಿಡಿಯದ ಗಂಡಸೇ ನಮ್ಮ ಸುತ್ತ ಇರುವುದಿಲ್ಲ. ಹಾಗಾಗಿ ಅಪ್ಪನಿಗೆ ಬಂದ ನೋವಿಗೆ ಹೆಸರು ಮೊದಲೇ ಸಿದ್ಧವಾಗಿತ್ತು. ಮೋಟರ್ ಸೈಕಲ್ ಮೇಲೆ ಅಂಕಲಿಗೆ ಬಂದವನು ಅತ್ತೆಗೆ ಅಂದನಂತೆ:

"ಅಕ್ಕಾ, ಚಾಟ್ನಿ ಮಾಡಿ ಮಾಡಿ ಬೆನ್ನ ಹಿಡದೈತಿ. ಒಂದ ಒದಿ ಕೊಡು."

"ಸಣ್ಣಾಂವ ಇದ್ದಾಗ ಕೊಟ್ಟಿದ್ದು ಸಾಲಲಿಲ್ಲೇನ್ ನಿನಗ?"

ದವಡೆಯೂ ಜಗ್ಗುತ್ತಿದೆ ಅಂದನಂತೆ. ನಿಪ್ಪಾಣಿ ತಂಬಾಕು ಜಗಿದರೆ ದವಡೆ ಜಗ್ಗದೆ ಇರುತ್ತದೆಯೇ ಎಂದು ಅತ್ತೆ ಬೈದಳು. ಅವನು ಬೋರಲು ಮಲಗಿದ. ಅವಳು ಗೋಡೆ ಹಿಡಿದು ಪಾದ ಇಟ್ಟಳು. "ಹಗುರಾತು ನೋಡು" ಎಂದು ಎದ್ದು ಚಹಾ ಕುಡಿದು ಹೊರಟ. ಊರು ದಾಟಿ ಕಬ್ಬಿನ ಹೊಲದ ಬದಿಗೆ ಗಾಡಿ ನಿಲ್ಲಿಸಿ ಕುಳಿತನಂತೆ. ಕಂಡವರು ಜೀಪಿನಲ್ಲಿ ಹಾಕಿಕೊಂಡು ಮಿರಜಿಗೆ ಓಡಿಸಿದರು. ಮಿರಜ ಮುಟ್ಟಲಿಲ್ಲ.

ನನ್ನ ನೆನಪಿನಲ್ಲಿ ನಾನು ಆ ಪಡಸಾಲೆಯಲ್ಲೇ ಇದ್ದೇನೆ. ಅಪ್ಪನ ಮುಖ ನನ್ನ ಕಡೆ ಹೊರಳಿದೆ. ಬೂದಿ ಬಣ್ಣ, ಹಣೆ ತುಂಬ ಬೆವರು. ತಣ್ಣನೆಯ ಬೆವರು ಎಂದೂ ನೆನಪು, ಮುಟ್ಟದೆ ಇದ್ದರೂ! ತಂಗಿಗೆ ಒಮ್ಮೆ ಇದನ್ನು ಹೇಳಿದಾಗ ಅವಳು ನನ್ನನ್ನೇ ದಿಟ್ಟಿಸಿದಳು. "ನೀ ಎಲ್ಲಿದ್ದಿಯೋ ಅಣ್ಣಾ ಅವತ್ತ? ಧಾರವಾಡದಾಗಿದ್ದಿ. ಮಣ್ಣಿಗೆ ಬಂದಿ." ಇರಬಹುದು. ಆಮೇಲೆ ಓದಿದ ಲಕ್ಷಣಗಳನ್ನೆಲ್ಲ ತಂದು ಅಪ್ಪನ ಮುಖಕ್ಕೆ ನಾನೇ ಹಚ್ಚಿರಬಹುದು. ಅಂತೂ ಆ ಬೆವರು ಅಳಿಸಲಾರೆ.

ಹೋದ ವಾರ ನಾನು ಬಸ್ಸಿಳಿದು ಹೋದಾಗ ಅತ್ತೆ ಬಾಗಿಲಲ್ಲೇ ಕುಳಿತಿದ್ದಳು. ಪಾದಗಳೆರಡೂ ಸೀರೆಯೊಳಗೆ ಮುಚ್ಚಿಕೊಂಡಿದ್ದವು. ಅಪ್ಪ ಹೋದ ಮೇಲೆ ಅವಳು ಕೂರುವುದೇ ಹಾಗೆ. ಎಷ್ಟೋ ವರ್ಷ ಯಾರ ಬೆನ್ನಿಗೂ ಕಾಲು ಇಡಲಿಲ್ಲ. ಜನ ಬಿಡಲಿಲ್ಲ, ಮತ್ತೆ ಶುರು ಮಾಡಿದಳು, ಆದರೆ ಒಂದು ಕರಾರಿನ ಮೇಲೆ. ಅದೇನೆಂದು ನನಗೆ ಗೊತ್ತಿರಲಿಲ್ಲ.

"ಬೆನ್ನ ಹಿಡದೈತಿ ಅತ್ತಿ."

"ಪಟ್ಟಿ ತಂದಿಯೇನು?"

"ಯಾವ ಪಟ್ಟಿ?"

"ಎದಿ ಪಟ್ಟಿ, ಇಸಿಜಿ. ಚಿಕ್ಕೋಡ್ಯಾಗ ತೆಗ್ಯಾಂಗಿಲ್ಲೇನು? ಮಾಸ್ತರ ಅಂತ ಮಾಸ್ತರ!"

ಪಕ್ಕದ ಮನೆಯ ಮುದುಕ ನಕ್ಕ. "ಈಕಿ ಒದಿ ತಿನ್ನಾಕೂ ಈಗ ಸರ್ಟಿಫಿಕೇಟ್ ಬೇಕ್ರಿ ಸರ."

"ನಿನಗ ಅದನ್ನ ಓದಾಕ ಬರ್ತೈತೇನ್ ಅತ್ತಿ?" ಎಂದೆ.

"ನನಗ್ಯಾಕ ಬರಬೇಕು? ತೆಗದಾಂವಗ ಬಂದ್ರ ಸಾಕು."

ಮರಳಿ ಚಿಕ್ಕೋಡಿಗೆ ಬಂದು ಪಟ್ಟಿ ತೆಗೆಸಿದೆ. ಗೆರೆಗಳು ಸರಿಯಾಗಿವೆ ಎಂದರು ಡಾಕ್ಟರು. "ಆದರ ಪಟ್ಟಿ ಚಲೋ ಐತಿ ಅಂತ ಎದಿ ಉಬ್ಬಿಸಬ್ಯಾಡ್ರಿ. ಒಮ್ಮೊಮ್ಮೆ ಅದೂ ಮೋಸ ಮಾಡ್ತೈತಿ. ಬಿ.ಪಿ. ಏರೈತಿ, ಗುಳಿಗಿ ತಪ್ಪಿಸಬ್ಯಾಡ್ರಿ. ಬೆವರು, ದಮ್ಮು, ತೋಳಿಗೆ ದವಡಿಗೆ ಸೆಳತ ಬಂತಂದ್ರ ಮುಲಾಮು ಹುಡುಕದ ಓಡಿ ಬರ್ರಿ. ನಿಮ್ಮ ತಂದಿ ಎಷ್ಟನೇ ವಯಸ್ಸಿಗೆ ಹೋದ್ರು?"

ನನ್ನ ಈಗಿನ ವಯಸ್ಸಿಗೆ ಎಂದೆ. ಅವರು ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದರು.

ಮರುದಿನ ಪಟ್ಟಿಯನ್ನು ಅತ್ತೆ ತಲೆಕೆಳಗಾಗಿ ಹಿಡಿದು ನೋಡಿ ದೇವರ ಮಾಡದಲ್ಲಿಟ್ಟಳು. ನಾನು ಬೋರಲು ಮಲಗಿದೆ. ಚಾಪೆಗೆ ಮೂಗು ತಾಗಿದಾಗ ಹೊಳೆಯಿತು, ಕಾಲಿಡುವವಳಿಗೆ ಮಲಗಿದವನ ಬೆನ್ನಷ್ಟೇ ಕಾಣುತ್ತದೆ. ಬೆವರಿತ್ತೇ ಎಂದು ಇಷ್ಟು ವರ್ಷ ಅತ್ತೆಯನ್ನು ಕೇಳಬೇಕೆಂದಿದ್ದ ಪ್ರಶ್ನೆಗೆ ಉತ್ತರ ಅಲ್ಲೇ ಇತ್ತು. ಕಾಲಿಡುವಾಗ ಅಪ್ಪನ ಮುಖ ಅವಳು ನೋಡಿಯೇ ಇರಲಿಲ್ಲ.

"ಮುಖ ಈ ಕಡೆ ಮಾಡು" ಎಂದಳು ಅತ್ತೆ. ಕಷ್ಟಪಟ್ಟು ಬಾಗಿ ಅಂಗೈಯಿಂದ ನನ್ನ ಹಣೆ ಒರೆಸಿ, ಆ ಅಂಗೈಯನ್ನು ಬೆಳಕಿಗೆ ಹಿಡಿದು ನೋಡಿಕೊಂಡಳು. ಒಣಗಿತ್ತು. ಆಮೇಲೆಯೇ ಪಾದ ಇಟ್ಟಳು. ಹಗುರವಾದ ಪಾದ.

"ಆವಾಗ ಇಲ್ಲೆಲ್ಲಿ ಪಟ್ಟಿ ತೆಗ್ಯೂ ಮಷಿನ್ ಇತ್ತಪ್ಪ?" ಎಂದಳು, ನಾನು ಏನೂ ಕೇಳದಿದ್ದರೂ. "ಏನ ಮಾಡಿದ್ರೂ ಮಿರಜಿಗೇ ಹೋಗಬೇಕಿತ್ತು. ನಾ ಕಾಲ ಇಡದಿದ್ರೂ ಅಷ್ಟ, ಇಟ್ರೂ ಅಷ್ಟ. ಹೌದಿಲ್ಲೋ?"

"ಹೌದ ಅತ್ತಿ" ಎಂದೆ ಚಾಪೆಗೆ.

ಚಮಕ ಬಿಟ್ಟಿದೆ. ಪಾದದಿಂದಲೋ, ತಾನಾಗಿಯೋ, ತಿಳಿಯದು. ಗುಳಿಗೆ ತಪ್ಪಿಸುತ್ತಿಲ್ಲ. ಅಪ್ಪನ ಬೆವರಿನ ವಿಷಯ ಇನ್ನು ಯಾರನ್ನೂ ಕೇಳುವುದಿಲ್ಲ, ಕೇಳಲು ಯಾರೂ ಇಲ್ಲ. ಆದರೆ ಹುಟ್ಟುಗುಣ ಸುಮ್ಮನಿರಬೇಕಲ್ಲ. ಅತ್ತೆಯ ಮನೆಯ ಹಿಂದಿನ ಓಣಿಯಲ್ಲಿ ಒಂದು ಹಳೆಯ ದವಾಖಾನೆಯಿದೆ. ಅಂದಿನ ಡಾಕ್ಟರ ಮಗ ಈಗ ನಡೆಸುತ್ತಾನೆ. ಅವನನ್ನು ಕೇಳಿದೆ. ಒಬ್ಬನ ಮಾತು ಸಾಲದೆಂದು, ಅಲ್ಲಿ ಮೊದಮೊದಲು ಎದೆ ತೋರಿಸಿಕೊಂಡಿದ್ದ ಇನ್ನೊಬ್ಬರನ್ನೂ ಹುಡುಕಿ ಕೇಳಿದೆ. ಇಬ್ಬರ ಮಾತೂ ಒಂದೇ. ಅತ್ತೆಗೆ ಹೇಳಿಲ್ಲ, ಹೇಳುವುದೂ ಇಲ್ಲ. ಅಪ್ಪ ತೀರಿಕೊಳ್ಳುವ ಹಿಂದಿನ ವರ್ಷವೇ ಆ ಓಣಿಗೆ ಮಷಿನ್ ಬಂದಿತ್ತು.