ಬೋರಲು ಹಾಕಿದ ಒಲೆಗಲ್ಲು

ದೆವ್ವ, ಮಾಟ ಅಂದರೆ ನಗುತ್ತಿದ್ದವನು ನಾನು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟು ಕುಲುಮೆ ಹಿಡಿದವನಿಗೆ ಕೈಗೆ ಸಿಕ್ಕಿದ್ದೇ ನಿಜ. ಈಗಲೂ ದೆವ್ವವನ್ನು ನಂಬುವುದಿಲ್ಲ. ಆದರೆ ಆ ಸಂಜೆಯ ಮಾತು ಬಂದರೆ ನಗು ಬರುವುದಿಲ್ಲ.

ಎಂಬತ್ತರ ದಶಕದ ಕೊನೆಯ ಮಾತು. ದೀಪಾವಳಿ ಮುಗಿಯಿತೆಂದರೆ ಮರಾಠಿ ಸೀಮೆಯ ಬೀಡ ಕಡೆಯಿಂದ ಕಬ್ಬು ಕಡಿಯುವವರು ಶಿರಗುಪ್ಪಿಗೆ ಬಂದು, ನನ್ನ ಕುಲುಮೆಯ ಹಿಂದಿನ ಮಾಳದಲ್ಲಿ ಎತ್ತು ಬಿಚ್ಚುತ್ತಿದ್ದರು. ಅದಕ್ಕೇ ಅದು ಬೀಡಕರ ಮಾಳ. ಆ ಗುಂಪನ್ನು ಕರೆತರುವ ಮುಕಾದಮ ನಾಮದೇವ ನನ್ನನ್ನು ಅಣ್ಣನೆಂದು ಬಗೆದು ದಾದಾ ಎನ್ನುತ್ತಿದ್ದ. ಅವನ ಮಗಳು ಹುಟ್ಟಿದ್ದು ಅಲ್ಲೇ, ಕಬ್ಬಿನ ಒಣಗರಿ, ರವದಿ ಹೊದಿಸಿದ ಗುಡಿಸಲಲ್ಲಿ. ಹೆರಿಗೆ ಮಾಡಿಸಿದವಳು ನನ್ನ ಹೆಂಡತಿ. ಸುಗ್ಗಿ ಮುಗಿಸಿ ಹೋಗುವಾಗ ಅವರು ಒಲೆಯ ಕಲ್ಲುಗಳನ್ನು ಬೋರಲು ಹಾಕುತ್ತಿದ್ದರು. ಮತ್ತೆ ಬರುತ್ತೇವೆ, ಬೇರೆಯವರು ಇಲ್ಲಿ ಬೆಂಕಿ ಹಚ್ಚಬಾರದು ಎಂದರ್ಥ.

ಒಂದು ವರ್ಷ ದೀಪಾವಳಿ ಕಳೆದರೂ ಅವರು ಬಾರದಿದ್ದಾಗ ಊರವರು ಆ ಮಾಳವನ್ನು ಮನೆಜಾಗಕ್ಕೆ ಹಂಚಲು ಹೊರಟರು. ಚಾವಡಿಯಲ್ಲಿ ನಾನೊಬ್ಬನೇ ಅಡ್ಡ ನಿಂತೆ.

"ಅವರೇನ್ ನಿನ್ನ ಬೀಗರೇನಲೇ?" ಎಂದು ಗೌಡರು ಕಿಚಾಯಿಸಿದರು.

"ಬೀಗರಕಿಂತ ಹೆಚ್ರಿ. ಛಟ್ಟಿ ಅಮಾಸಿ ಒಳಗ ಬರ್ತಾರ. ಬರಲಿಲ್ಲಂದ್ರ ನಾನಽ ಹಗ್ಗಾ ಹಿಡದ ಅಳದ ಕೊಡ್ತೇನಿ."

ದೀಪಾವಳಿಯಾಗಿ ತಿಂಗಳಿಗೆ ಬರುವ ಆ ಅಮಾವಾಸ್ಯೆ ಬಂತು. ಹೊತ್ತು ಮುಳುಗುವಾಗ ಎತ್ತಿನ ಗೆಜ್ಜೆ ಕೇಳಿಸಿತು. "ದಾದಾ, ಜಾಗಾ ಇಟ್ಟೀಯಲ್ಲ?" ನಾಮದೇವನದೇ ದನಿ. ಸುತ್ತಿಗೆ ಬಿಟ್ಟು ಓಡಿದೆ. ಮಾಳದಲ್ಲಿ ಯಾರೂ ಇಲ್ಲ, ಗಾಲಿಯ ಗುರುತೂ ಇಲ್ಲ. ಆದರೆ ಬೋರಲಿದ್ದ ಕಲ್ಲುಗಳು ನೆಟ್ಟಗೆ ಕೂತಿದ್ದವು. ಮುಟ್ಟಿದೆ, ಅಂಗೈ ಸುಟ್ಟು ಬೊಬ್ಬೆ ಎದ್ದಿತು. ನಡುವೆ ಬೂದಿ ಇರಲಿಲ್ಲ.

ಮರುದಿನ ಲಾರಿಯವನೊಬ್ಬ ಹೇಳಿದ, ಅವರು ಹೊಳೆಯಾಚೆಯ ಸಕ್ಕರೆ ಕಾರ್ಖಾನೆಗೆ ಬಂದಿಳಿದು ಎಷ್ಟೋ ದಿನವಾಯಿತೆಂದು. ಹೋದೆ. ನಾಮದೇವ ಕಬ್ಬಿನ ಗಾಡಿಯ ಮೇಲಿದ್ದ, ಮಗಳು ಪಕ್ಕದಲ್ಲಿ.

"ಶಿರಗುಪ್ಪಿ? ಆ ಊರ ನಾವ್ ನೋಡಿಲ್ರಿ ಸಾವಕಾರ" ಎಂದ. ಕಣ್ಣು ಕೂಡ ತಪ್ಪಿಸಲಿಲ್ಲ. ನಾನು ಅಂಗೈ ತೋರಿಸಿದೆ.

"ಎಣ್ಣಿ ಹಚ್ಚರಿ" ಎಂದು ಎತ್ತು ಹೊಡೆದ.

ಮಾಳವನ್ನು ನಾನೇ ಅಳೆದುಕೊಟ್ಟೆ. ಗೌಡರು ಹಗ್ಗದ ಇನ್ನೊಂದು ತುದಿ ಹಿಡಿದರು, ಕಿಚಾಯಿಸಿದ್ದರೆ ಚೆನ್ನಾಗಿತ್ತು. ಈಗ ಅಲ್ಲಿ ಮನೆಗಳೆದ್ದಿವೆ, ಹೆಸರು ಮಾತ್ರ ಬೀಡಕರ ಮಾಳವೇ. ಯಾಕೆ ಆ ಹೆಸರು ಎಂದರೆ, "ಹಿಂದ ಯಾರೋ ಬಂದ ಇರತಿದ್ರಂತ" ಎನ್ನುತ್ತಾರೆ. ನನ್ನ ಮನೆಯಲ್ಲಿ ಉಂಡವನು ಸುಳ್ಳಾಡಿದ್ದು ಅರ್ಥವಾಗುತ್ತದೆ, ಮನುಷ್ಯರು ಆಡುತ್ತಾರೆ. ಬರುವ ಮನಸ್ಸೇ ಇಲ್ಲದವನ ದನಿಯಲ್ಲಿ ಅಂದು ನನ್ನನ್ನು ಕರೆದದ್ದು ಏನು ಎಂಬುದು ಮಾತ್ರ ಇಂದಿಗೂ ಅರ್ಥವಾಗಿಲ್ಲ.