ಕಿಟಕಿಯ ಕುರ್ಚಿಗೆ ತಂದ ನೀರು

ಕಾರ್ಮಿಕ ಇಲಾಖೆಯಿಂದ ನಿವೃತ್ತನಾದ ಮೇಲೆ ರಾಜಧಾನಿಯ ಮಯೂರ್ ವಿಹಾರದ ನಮ್ಮ ಸೊಸೈಟಿಯಲ್ಲಿ ನನಗೆ ಉಳಿದ ಕೆಲಸಗಳು ಎರಡೇ. ಬೆಳಿಗ್ಗೆ ದೇವರ ಪೂಜೆ. ಆಮೇಲೆ, ಯಾರಾದರೂ ಕೇಳಿ ಬಂದರೆ, ಅವರ ನೌಕರಿಯ ಒಪ್ಪಂದವನ್ನು ಓದಿ ತಿಳಿಸುವುದು. ಪಾಠಶಾಲೆಯಲ್ಲಿ ಮೀಮಾಂಸೆ ಹೇಳುತ್ತಿದ್ದ ಗುರುಗಳು, ಯಾವ ವಾಕ್ಯ ವಿಧಿ, ಯಾವುದು ಬರಿಯ ಸ್ತುತಿ ಎಂದು ಬೇರ್ಪಡಿಸಲು ಕಲಿಸಿದ್ದರು. ಕಂಪನಿಯ ಕಾಗದದಲ್ಲಿಯೂ ಸ್ತುತಿಯೇ ಹೆಚ್ಚು. ವಿಧಿಯನ್ನು ಹುಡುಕಿ ತೆಗೆಯಬೇಕು.

ಕಾರ್ತಿಕ ಮಾಸದ ಒಂದು ಮಧ್ಯಾಹ್ನ ಹೊಗೆಮಂಜು ನಮ್ಮ ಐದನೆಯ ಮಹಡಿಯವರೆಗೆ ಏರಿ ನಿಂತಿತ್ತು. ಮೆಟ್ರೋ ಹೋದ ಸದ್ದು ಕೇಳಿಸಿತು, ಮೆಟ್ರೋ ಕಾಣಿಸಲಿಲ್ಲ. ಕಿಟಕಿಗಳ ಹೊರಗೆ ಬಿಳುಪಲ್ಲದೆ ಬೇರೇನೂ ಇರಲಿಲ್ಲ.

ಕೆಳಮನೆಯ ಹುಡುಗಿ ಗಗನಸಖಿ, ತನ್ನ ಯೂನಿಯನ್ನಿನ ಸಮಿತಿಯಲ್ಲಿದ್ದವಳು. ಅಂದು ತನ್ನ ಜೊತೆ ವಾಸವಿದ್ದ ಸಹೋದ್ಯೋಗಿಯನ್ನು ಕರೆತಂದಳು. ಕೊಡಗಿನ, ಸೈನ್ಯದ ಸುಬೇದಾರರೊಬ್ಬರ ಮಗಳಾದ ಆಕೆಗೆ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಪಾಳಿಯ ಮೇಲೆ ಪಾಳಿ ಬಿದ್ದು ನಿದ್ರೆಯೇ ದೂರವಾಗಿತ್ತು. ಸಂಜೆ ಮತ್ತೆ ವಿಮಾನ ಹತ್ತಬೇಕಿತ್ತು. ಹತ್ತಲಾರೆನೆಂದರೆ ನೌಕರಿ ಹೋದೀತೆಂಬ ಹೆದರಿಕೆ ಅವಳದು. ಹತ್ತಿದರೆ ಏನಾದೀತೋ ಎಂಬುದು ಕರೆತಂದ ಗೆಳತಿಯದು.

“ನೀವೇ ಹೇಳಿ ತಾತ. ನಾನು ಬಾಯಿ ತೆಗೆದ್ರೆ ‘ಲೋ, ನೇತಾ ಆ ಗಯೀ’, ನೋಡಿ ಲೀಡರ್ ಬಂದ್ಲು, ಅಂತಾಳೆ,” ಎಂದಳು ಗೆಳತಿ.

ಕೊಡಗಿನ ಹುಡುಗಿ ನಕ್ಕಳು, ಆದರೆ ಆ ನಗು ಮುಖದ ಮೇಲೆಯೇ ಉಳಿಯಿತು. ನಾನು ಕಾಗದ ಓದುತ್ತಿದ್ದಷ್ಟು ಹೊತ್ತೂ ಬೆನ್ನು ನೆಟ್ಟಗಿತ್ತು, ತುಟಿ ಅರಳಿಯೇ ಇತ್ತು, ಕಣ್ಣು ಮಾತ್ರ ಯಾವುದನ್ನೂ ನೋಡುತ್ತಿರಲಿಲ್ಲ.

ಬೇಕಾದ ವಿಧಿ ಸಿಕ್ಕಿತು. ದಣಿವಿನಿಂದ ಹಾರಾಟಕ್ಕೆ ತಾವು ಅರ್ಹರಲ್ಲವೆಂದು ಸಿಬ್ಬಂದಿಯೇ ತಿಳಿಸಿದರೆ ಅವರನ್ನು ವಿಮಾನಕ್ಕೆ ಕಳುಹಿಸತಕ್ಕದ್ದಲ್ಲ, ಅದಕ್ಕಾಗಿ ದಂಡಿಸತಕ್ಕದ್ದೂ ಅಲ್ಲ. ಸಿಬ್ಬಂದಿ ಎಂದರೆ ಖಾಯಂ ಆಗದವರೂ ಸೇರುತ್ತಾರೆಂದು ಮೊದಲ ಪುಟದಲ್ಲಿಯೇ ಇತ್ತು. ಅದನ್ನು ವಿವರಿಸುತ್ತಿರುವಾಗ ಆಕೆ ಥಟ್ಟನೆ ಎದ್ದಳು.

“ಬೆಲ್ ಆಯ್ತು,” ಎಂದಳು.

ವಿಮಾನದಲ್ಲಿ ಪ್ರಯಾಣಿಕರು ಒತ್ತುವಂಥ ಯಾವ ಗಂಟೆಯೂ ಇಲ್ಲಿ ಕೇಳಿಸಿರಲಿಲ್ಲ. ಆಕೆ ಅಡುಗೆಮನೆಗೆ ಹೋಗಿ ಲೋಟದಲ್ಲಿ ನೀರು ತಂದಳು. ನಮ್ಮಿಬ್ಬರನ್ನೂ ದಾಟಿ ಕಿಟಕಿಯ ಪಕ್ಕದ ಕುರ್ಚಿಯ ಬಳಿ ನಿಂತು ಬಾಗಿದಳು. ನನ್ನ ಮನೆಯವರು ತೀರಿಕೊಳ್ಳುವ ಮುಂಚಿನ ಚಳಿಗಾಲವನ್ನೆಲ್ಲ ಶಾಲು ಹೊದ್ದು ಕಳೆದ ಕುರ್ಚಿ ಅದು. ಈ ಮಗುವಿಗೆ ಅದು ತಿಳಿದಿರಲು ಕಾರಣವಿರಲಿಲ್ಲ.

“ಮ್ಯಾಮ್, ಚಳೀನಾ? ಇನ್ನೊಂದು ಕಂಬಳಿ ತರ್ಲಾ?”

ಉತ್ತರ ಕೇಳಿಸಿಕೊಂಡವಳಂತೆ ತಲೆಯಾಡಿಸಿ, ಲೋಟವನ್ನು ಕುರ್ಚಿಯ ಮೇಲಿಟ್ಟಳು. ಬಳಿಕ ಮುಂಬಾಗಿಲಿಗೆ ನಡೆದು ಚಿಲಕ ಹಾಕಿ, ತಿರುಗಿ, ಎದುರಿನ ಬಾಲ್ಕನಿಯ ಬಾಗಿಲನ್ನೇ ನೋಡುತ್ತ ಕಾದು ನಿಂತಳು.

ಗೆಳತಿ ನನ್ನ ಕಡೆ ಬಾಗಿದಳು. ವಿಮಾನ ಹೊರಡುವ ಮುನ್ನ ಬಾಗಿಲು ಭದ್ರಪಡಿಸಿದವರು ಎದುರು ಬಾಗಿಲಿನವರೊಡನೆ ಪರಸ್ಪರ ಸರಿನೋಡಿಕೊಂಡು ‘ಕ್ರಾಸ್ ಚೆಕ್’ ಎನ್ನಬೇಕು, ಆ ಉತ್ತರ ಬಾರದೆ ಇವಳು ಅಲ್ಲಿಂದ ಕದಲುವುದಿಲ್ಲ ಎಂದು ಪಿಸುಗುಟ್ಟಿದಳು. ಆದರೆ ಕುಳಿತಲ್ಲಿಂದ ಏಳಲಿಲ್ಲ.

ನಾನು ನಾರಾಯಣನನ್ನು ನೆನೆದು ಬಾಲ್ಕನಿಯ ಬಾಗಿಲಿಗೆ ಹೋದೆ. ಅಗುಳಿಯನ್ನು ಮುಟ್ಟಿ, ವಿಮಾನದವರು ಹೇಳುವಂತೆಯೇ ಹೇಳಿದೆ:

“ಕ್ರಾಸ್ ಚೆಕ್ ಆಯಿತಮ್ಮ.”

ಅವಳ ನಗು ಆಗ ಇಳಿಯಿತು. ಕುರ್ಚಿಯನ್ನೂ ಲೋಟವನ್ನೂ ನೋಡಿದಳು. ನೀರನ್ನು ತಾನೇ ತಂದೆನೇ ಎಂದು ಕೇಳಿದಳು. ಹೌದೆಂದೆವು. ಲೋಟವನ್ನು ಮುಟ್ಟಿ ನೋಡಿ ಹೇಳಿದಳು.

“ನಮ್ಮನೇಲಿ ಡ್ಯೂಟಿಗೆ ಆಗಲ್ಲ ಅಂತ ಯಾರೂ ಹೇಳಿಲ್ಲ ತಾತ. ಪಪ್ಪನ ಮುಖ ಹೇಗೆ ನೋಡ್ಲಿ?”

“ನಿಮ್ಮ ತಂದೆಯವರು ಕಾವಲು ಬಿಟ್ಟು ಬಂದವರಲ್ಲ ನಿಜ. ಆದರೆ ಬದಲಿಯವನು ಬಂದು ನಿಂತಾಗ ಹೋಗಿ ಮಲಗಿದ್ದಾರಲ್ಲವೇ ತಾಯಿ? ನೀನು ಬದಲಿಯನ್ನು ಕೇಳುತ್ತಿದ್ದೀಯೆ, ಅಷ್ಟೇ.”

ಆಕೆ ಫೋನ್ ಎತ್ತಿಕೊಂಡು ಕಂಪನಿಗೆ ಕರೆ ಮಾಡಿದಳು. ವಿಧಿಯ ಮೇಲೆ ಬೆರಳಿಟ್ಟು ಒಂದೊಂದೇ ಶಬ್ದವನ್ನು ಓದಿದಳು. ಆ ಕಡೆಯವರು ಅದನ್ನೇ ಇನ್ನೊಮ್ಮೆ ಓದಿಸಿದರು. ಕಡೆಗೆ, ಬೇರೆಯವರನ್ನು ಹಾಕುತ್ತೇವೆ ಎಂದರು. ಫೋನ್ ಕೈಯಲ್ಲಿರುವಂತೆಯೇ ಆಕೆ ದಿವಾನ ಮಂಚದ ಮೇಲೆ ಒರಗಿ ನಿದ್ರೆಹೋದಳು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಲೋಟ ಕುರ್ಚಿಯ ಮೇಲೆಯೇ ಇತ್ತು. ನೀರು ಇಳಿದಿದೆಯೇ ಎಂದು ನಾನು ನೋಡಲಿಲ್ಲ. ಮುಖ ತಿರುಗಿಸಿಕೊಂಡೇ ಅದನ್ನು ಎತ್ತಿ ತುಳಸಿಯ ಬುಡಕ್ಕೆ ಎರೆದೆ. ಆಮೇಲೆ ಪೆಟ್ಟಿಗೆ ತೆರೆದು, ಮನೆಯವರ ಶಾಲನ್ನು ತಂದು, ಮಲಗಿದ್ದ ಮಗುವಿಗೆ ಹೊದಿಸಿದೆ.